ಹಣ ಕುಡಿಯುವ ಹುಲ್ಲುಹಾಸು

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿಗೆ ನಗರಸಭೆ ಕೊಡುವ ಹಣ ಬೇಸಿಗೆಯ ಟ್ಯಾಂಕರ್ ನೀರಿಗೇ ಮುಗಿಯುತ್ತದೆ. ಸಂಘದವರು ಒಂದು ಮೂಲೆಯನ್ನು ಕ್ಯಾಂಟೀನಿಗೆ ಬಾಡಿಗೆ ಕೊಡಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಬಾಡಿಗೆಯ ಮಾತು ಬಿಡಿ. ಜಾಗ ಸಂಘದ್ದಲ್ಲ, 1985ರ ಉದ್ಯಾನ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. ಮೊದಲು ಹುಲ್ಲುಹಾಸು ಅಳೆಯಿರಿ. ಬಿರುಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 1,000 ಚದರ ಮೀಟರಿಗೆ 5,000 ಲೀಟರ್, ಹೆಚ್ಚುಕಡಿಮೆ ದಿನಕ್ಕೊಂದು ಟ್ಯಾಂಕರ್! ಜನ ಕೂರುವಷ್ಟೇ ಹುಲ್ಲು ಉಳಿಸಿ. ಉಳಿದೆಡೆ ಮುಂಗಾರು ಹಿಡಿದ ಮೇಲೆ ಹೊಂಗೆ, ಬೇವು ನೆಟ್ಟು, 3 ಇಂಚು ತರಗೆಲೆ ಹೊದಿಸಿ. ಹೊದಿಕೆ ಬುಡದಿಂದ ಗೇಣು ದೂರವಿರಲಿ. ಕಾಂಡಕ್ಕೆ ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಮೊದಲೆರಡು ಬೇಸಿಗೆ ಗಿಡಕ್ಕೆ ವಾರಕ್ಕೆ 20 ಲೀಟರ್ ಸಾಕು. ಯಾರಾದರೂ ಕಾರಂಜಿ ದಾನ ಕೊಡಲು ಬಂದರೆ, ಕರೆಂಟ್ ಬಿಲ್ ಯಾರದೆಂದು ಮೊದಲೇ ಬರೆಸಿಕೊಳ್ಳಿ.