‘ಮಾರಬೇಡ’ ಅಂತ ಒಬ್ಬರೂ ಅನ್ನಲಿಲ್ಲ

ಮಾರಿಬಿಟ್ಟು ಆಮೇಲೆ ಕೊರಗುವವರು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಸೈಟು ಮಾರಿದವರು, ಅಮ್ಮನ ಬಳೆ ಮಾರಿದವರು, ಅಪ್ಪನ ಹಳೇ ಬುಲೆಟ್ ಮಾರಿದವರು. ಅವರ ಸಂಕಟ ಮನೆಯವರಿಗೂ ಅರ್ಥ ಆಗುತ್ತದೆ. ಆದರೆ ಹಳೇ ವಿಡಿಯೋ ಗೇಮ್ ಮಾರಿ ಸಂಕಟ ಪಡುವ ಗಂಡಸನ್ನು ಕಂಡರೆ ನಗುತ್ತಾರೆ. ಇಂಥವರು ಈಚೆಗೆ ಮೇಲಿಂದ ಮೇಲೆ ಬರುತ್ತಿದ್ದಾರೆ. ಅದಕ್ಕೇ ಬಳ್ಳಾರಿಯ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ನಲವತ್ತರ ಹತ್ತಿರ. ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಮೇಸ್ತ್ರಿ. ಅಪ್ಪ ಲಾರಿ ಡ್ರೈವರ್ ಆಗಿದ್ದರು. ಚೆನ್ನೈಗೆ ಲೋಡ್ ಹೋದಾಗ ಬರ್ಮಾ ಬಜಾರಿನಿಂದ ಮಗನಿಗೆ ಏನಾದರೂ ತರುತ್ತಿದ್ದರು. ಹಾಗೆ ಶುರುವಾಗಿದ್ದು ಬೆಳೆದು ಒಂದು ಕಪಾಟು ತುಂಬಿತ್ತು. 1983ರಲ್ಲಿ ಜಪಾನಿನಲ್ಲಿ ಬಂದ, ಟಿವಿಗೆ ಹಾಕಿ ಆಡುವ ಗೇಮ್ ಸೆಟ್ ಫ್ಯಾಮಿಕಾಮ್‌ನ ನಕಲು ಸೆಟ್ಟುಗಳು (ನಮ್ಮಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಅಂತ ಸಿಗುತ್ತಿದ್ದವಲ್ಲ, ಅವೇ), ಅದೇ ಥರದ ಒಂದು ಸೆಗಾ ಮೆಗಾ ಡ್ರೈವ್, ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಬಾಯ್, ಗೇಮ್ ಕ್ಯಾಸೆಟ್ಟುಗಳ ರಾಶಿ. ಘಟಕದಲ್ಲಿ ಕೆಲಸ ಕಡಿಮೆಯಾದ ವರ್ಷ ಮಗಳ ಸ್ಕೂಲ್ ಫೀಸಿಗೆ ದುಡ್ಡು ಸಾಲಲಿಲ್ಲ. ಎಲ್ಲವನ್ನೂ ಬೆಂಗಳೂರಿನವರೊಬ್ಬರಿಗೆ ಒಟ್ಟಿಗೆ ಕೊಟ್ಟುಬಿಟ್ಟರು. ನನ್ನ ಹತ್ತಿರ ಬರುವ ಹೊತ್ತಿಗೆ ರಾತ್ರಿ ಎರಡರವರೆಗೂ ಮೊಬೈಲಿನಲ್ಲಿ ಆ ಸಾಮಾನುಗಳ ಈಗಿನ ಬೆಲೆ ನೋಡುತ್ತಾ ಕೂರುವ ಚಾಳಿ ಅಂಟಿತ್ತು.

ಮೊದಲು ಖಿನ್ನತೆ ಏನಾದರೂ ಇದೆಯಾ ಅಂತ ನೋಡಿದೆ. ನಿದ್ದೆ ಕೆಟ್ಟಿತ್ತು, ಊಟ ಸರಿಯಿತ್ತು, ಕೆಲಸಕ್ಕೆ ಹೋಗುತ್ತಿದ್ದರು, ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಸೀದಾ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಇದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದಿದ್ದೇ ನಮ್ಮ ಬಳ್ಳಾರಿಯಲ್ಲಿ. 1985ರಿಂದ ನಿಮ್ಹಾನ್ಸ್‌ನವರು ಇಲ್ಲಿ ಮಾಡಿ ನೋಡಿದ್ದನ್ನೇ 1996ರಲ್ಲಿ ಬೇರೆ ಜಿಲ್ಲೆಗಳಿಗೂ ಒಯ್ದರು. ಈ ಊರಿನವರಾಗಿ ನಾವು ಮಾತಾಡಲು ಹಿಂಜರಿಯುವುದು ನನಗೆ ಯಾವಾಗಲೂ ವಿಚಿತ್ರ ಅನ್ನಿಸುತ್ತದೆ.

ಒಂದು ದಿನ ಬೇಕಂತಲೇ ಕೇಳಿದೆ, “ಅವೆಲ್ಲ ನಾಳೆ ವಾಪಸ್ ಬಂದರೆ ಏನು ಮಾಡ್ತೀರಿ?”

ಅವರ ಮುಖ ಅರಳಿತು. ಟಿವಿ ಪರದೆಯ ಮೇಲಿನ ಬಾತುಕೋಳಿ ಹೊಡೆಯುವ ಆಟದ ಗನ್ನಿನ ವಿಷಯ ಶುರು ಮಾಡಿದರು. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತದಂತೆ. ಗನ್ನಿನೊಳಗಿನ ಸೆನ್ಸರ್ ಆ ಬೆಳಕನ್ನು ನೋಡುತ್ತದಂತೆ. “ಡಬ್ಬಾ ಟಿವಿಯಲ್ಲಿ ಮಾತ್ರ ನಡೆಯುತ್ತೆ ಮೇಡಂ. ಈಗಿನ ಚಪ್ಪಟೆ ಟಿವಿಯಲ್ಲಿ ಬೆಳಕು ತಡವಾಗಿ ಬರುತ್ತೆ, ಗುರಿ ಸಿಗಲ್ಲ.” ಆಮೇಲೆ ಪೋಕಿಮಾನ್ ಕ್ಯಾಸೆಟ್. ಅದರೊಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಅದು ಇರುವವರೆಗೆ ಮಾತ್ರ ಆಡಿ ಉಳಿಸಿದ್ದು ಇರುತ್ತದೆ. “ತಮ್ಮನೂ ನಾನೂ ಆಡಿದ್ದು ಇಷ್ಟೊತ್ತಿಗೆ ಅಳಿಸಿಹೋಗಿರುತ್ತೆ” ಅಂದರು. ಕ್ಯಾಸೆಟ್ ಊದಿ ಹಾಕುವುದು ತಪ್ಪು, ಉಸಿರಿನ ತೇವಕ್ಕೆ ಪಿನ್ನು ಹಾಳಾಗುತ್ತದೆ ಅಂತ ನನಗೂ ಪಾಠ ಮಾಡಿದರು. ನಾವೆಲ್ಲ ಊದಿದವರೇ ಅಲ್ವಾ!

ಅಂದರೆ ವಾಪಸ್ ಬಂದರೂ ಮೊದಲಿನ ಹಾಗೆ ಆಡಲು ಆಗುವುದಿಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ಹಾಗಿದ್ದರೆ ಕಳ್ಕೊಂಡಿದ್ದೇನು?” ಅಂದೆ.

ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು. “ಡಬ್ಬಿಗೆ ಹಾಕುವಾಗ ಅವ್ವ ಹಗ್ಗ ಕೊಟ್ಟಳು. ಮನೆಯಾಕಿ ಧೂಳು ಒರೆಸಿಕೊಟ್ಟಳು. ಮಾರಬೇಡ ಅಂತ ಒಬ್ಬರೂ ಅನ್ನಲಿಲ್ಲ ಮೇಡಂ.”

“ಏನಂತ ಹೇಳಿ ಕೆಳಗಿಳಿಸಿದ್ರಿ?”

“ಗುಜರಿ, ಸುಮ್ನೆ ಜಾಗ ತಿಂತಿದೆ ಅಂದೆ.”

ಮುಂದಿನ ಸಲ ಹೆಂಡತಿಯನ್ನು ಕರೆತರಲು ಹೇಳಿದೆ. ಆಕೆ ಖಡಕ್ ಹೆಣ್ಣುಮಗಳು. ಗಂಡನ ಮಾತು ಕೇಳಿ ಕರಗಲಿಲ್ಲ, ಸಿಟ್ಟಾದರು. “ನೀವೇ ಗುಜರಿ ಅಂದ್ರಲ್ರೀ! ಫೀಸಿಗೆ ಅಂತ ಒಂದು ಮಾತು ಹೇಳಿದ್ರೆ ನನ್ನ ಸರ ಇರಲಿಲ್ವಾ, ಅಡ ಇಡ್ತಿದ್ದೆ.” ಅದಕ್ಕೆ ಅವರು ತಲೆ ತಗ್ಗಿಸಿ, “ನೀನು ಸರ ಬಿಚ್ಚಿಕೊಡ್ತಿ ಅಂತ ಗೊತ್ತಿತ್ತು, ಅದಕ್ಕೇ ಗುಜರಿ ಅಂದೆ” ಅಂದರು. ಆಕೆಗೆ ಆವತ್ತಿನವರೆಗೂ ಇದು ಗೊತ್ತೇ ಇರಲಿಲ್ಲ.

ಇಲ್ಲಿ ನಾನು ಅವರನ್ನು ಹೊಗಳುತ್ತೇನೆ ಅಂತ ಇಬ್ಬರೂ ಅಂದುಕೊಂಡಿರಬೇಕು. ಹೊಗಳಲಿಲ್ಲ. ನಮ್ಮ ಕಡೆ ಗಂಡಸರಿಗೆ ಇದೊಂದು ರೋಗ. ಪ್ರೀತಿಯ ವಸ್ತು ಕೊಡುತ್ತಾರೆ, ಅದು ಪ್ರೀತಿಯದ್ದು ಅಂತ ಯಾರಿಗೂ ಗೊತ್ತಾಗದ ಹಾಗೆ ಕೊಡುತ್ತಾರೆ, ವರ್ಷಗಟ್ಟಲೆ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ ಅಂತ ಕೊರಗುತ್ತಾರೆ. ತ್ಯಾಗವನ್ನು ಮುಚ್ಚಿಟ್ಟವರು ಅದಕ್ಕೆ ಕೃತಜ್ಞತೆ ಬರಲಿಲ್ಲ ಅಂತ ಬೇಜಾರಾಗುವುದು ನ್ಯಾಯ ಅಲ್ಲ. ಹೆಂಡತಿಗೂ ಅನ್ಯಾಯವೇ. ಮನೆಯ ಕಷ್ಟ ಹಂಚಿಕೊಳ್ಳುವ ಅವಕಾಶವನ್ನೇ ಆಕೆಗೆ ಕೊಡಲಿಲ್ಲವಲ್ಲ. ಇದನ್ನು ಅವರ ಮುಂದೆಯೇ ಹೇಳಿದೆ.

ಕೊಟ್ಟ ಸಲಹೆ ಇಷ್ಟೇ. ಬೆಲೆ ನೋಡುವುದನ್ನು ಬಿಡಬೇಕು, ರಾತ್ರಿ ಮೊಬೈಲು ಹೊರಗಿನ ಕೋಣೆಯಲ್ಲಿ ಇರಬೇಕು. ಆನ್‌ಲೈನಿನಲ್ಲಿ ಕಾಣುವುದು ಮಾರುವವನು ಕೇಳುವ ಬೆಲೆ, ಕೊಂಡವನು ಕೊಟ್ಟ ಬೆಲೆ ಅಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ನಮ್ಮ ರೈತರನ್ನು ನೋಡಿ. ಮಾರಿದ ಮರುವಾರ ರೇಟು ಏರುವುದನ್ನು ಅವರು ಎಷ್ಟೋ ಸಲ ಕಂಡಿದ್ದಾರೆ. ಆದರೂ ಮಾರಿದ ದಿನ ಮನೆಯಲ್ಲಿ ಏನು ಅಡಚಣೆ ಇತ್ತು ಅನ್ನುವುದನ್ನು ಮರೆಯುವುದಿಲ್ಲ. ನೀವೂ ಫೀಸು ಕಟ್ಟಿದ ರಸೀದಿ ತೆಗೆದಿಡಿ, ಕೊರಗು ಬಂದಾಗ ಅದನ್ನು ನೋಡಿ ಅಂದೆ. ಯುಗಾದಿಯವರೆಗೆ ಯಾವ ಸೆಟ್ಟನ್ನೂ ಕೊಳ್ಳಬೇಡಿ. ಕಪಾಟಿನಲ್ಲಿ ಏನೇನಿತ್ತು, ಯಾವುದನ್ನು ಅಪ್ಪ ತಂದಿದ್ದರು ಅನ್ನುವುದನ್ನು ಹೆಂಡತಿಗೆ, ಮಗಳಿಗೆ ಹೇಳಿ. ಇನ್ನು ಮುಂದೆ ಮನೆಯಿಂದ ಏನು ಮಾರುವುದಿದ್ದರೂ ‘ಇದು ನನಗೆ ಬೇಕಾದದ್ದು, ಆದರೂ ಮಾರುತ್ತಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿಯೇ ಮಾರಿ.

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನಿಗೆ ಈ ಗಡುವು ಸರಿ ಕಾಣಲಿಲ್ಲ. “ಪಾಪ, ಒಂದು ಸೆಟ್ ತಗೊಂಡು ಖುಷಿಯಾಗಿರಲಿ ಬಿಡಿ ಮೇಡಂ” ಅಂದ. ಖುಷಿಗೆ ನನ್ನ ತಕರಾರಿಲ್ಲ. ಆದರೆ ಅಳುವ ಹೊತ್ತಿನಲ್ಲಿ ಕೊಂಡವರು ಒಂದಕ್ಕೆ ನಿಲ್ಲಿಸುವುದಿಲ್ಲ. ಹೋದ ರಾಶಿಯನ್ನೇ ಮತ್ತೆ ಕಟ್ಟಲು ಹೊರಟು ಸಾಲ ಮಾಡಿಕೊಂಡವರನ್ನು ನೋಡಿದ್ದೇನೆ. ಅದೂ ಹೆಂಡತಿಗೆ ಹೇಳದೆ.

ಬೆಲೆ ನೋಡುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ ಅಂತ ಮೊನ್ನೆ ಹೆಂಡತಿ ಫೋನ್ ಮಾಡಿದ್ದರು. ಯುಗಾದಿ ಆದಮೇಲೆ ಗೇಮ್ ಬಾಯ್ ಒಂದು ಸಾಕು ಅನ್ನುತ್ತಿದ್ದಾರಂತೆ. ಎಷ್ಟರೊಳಗೆ ಕೊಳ್ಳಬೇಕು ಅಂತ ಇಬ್ಬರಿಗೂ ಇನ್ನೂ ವಾದ ನಡೆದಿದೆ.