ಕಲಬುರಗಿಯಲ್ಲಿ ಗಾರ್ಡನ್ ರೈಲ್ವೆಗೆ, ಅಂದರೆ ತೋಟದಲ್ಲಿ ಓಡಿಸುವ ಪುಟ್ಟ ರೈಲಿಗೆ, ಸ್ಟೀಮ್ ಎಂಜಿನ್ ಮಾದರಿ ಮಾಡುತ್ತಿದ್ದೇನೆ. ಬಾಡಿ ತ್ರೀಡಿ ಪ್ರಿಂಟ್ ಮಾಡಿಸಿದ್ದೇನೆ. ಹಳೆಯದರಂತೆ ಕಾಣಲು ಯಾವ ತುಕ್ಕಿನ ಬಣ್ಣ ಒಳ್ಳೆಯದು?

ತುಕ್ಕು ಆಮೇಲೆ. ಬಾಡಿ ತ್ರೀಡಿ ಪ್ರಿಂಟ್ ಮಾಡಿಸಿದ್ದೀರಿ ಅಂತ ಬರೆದಿದ್ದೀರಿ. ಪಿಎಲ್‌ಎ ಪ್ಲಾಸ್ಟಿಕ್ ಆದರೆ ಬಣ್ಣದ ಡಬ್ಬಿ ಮುಚ್ಚಿಡಿ. ನಾನೂ ಹಾಗೇ ಶುರು ಮಾಡಿದ್ದೆ, ಇದೇ ಊರಲ್ಲಿ.

ನನ್ನದು ವೈಪಿ ಎಂಜಿನ್, ಮೀಟರ್ ಗೇಜ್ ಅಂದರೆ ಒಂದು ಮೀಟರ್ ಅಗಲದ ಹಳಿಯ ಹಳೇ ಸ್ಟೀಮ್ ಎಂಜಿನ್. ಚಿಕ್ಕವನಿದ್ದಾಗ ಸೋದರಮಾವನ ಮನೆಗೆ ಹೋಗಲು ಹೋಟಗಿಯಲ್ಲಿ ಇಳಿದು ವಿಜಯಪುರದ ಮೀಟರ್ ಗೇಜ್ ಗಾಡಿ ಹಿಡಿಯುತ್ತಿದ್ದೆವು. ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಗಾರ್ಡನ್ ಹಳಿಯ ಅಗಲ 45 ಮಿ.ಮೀ. ಮೀಟರ್ ಗೇಜಿಗೆ 1:22.5 ಅಳತೆ ಹಿಡಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಸಲಿಯ ದೊಡ್ಡ ಚಕ್ರ 1372 ಮಿ.ಮೀ., ನನ್ನದು 61. ಅದೇ ಅಳತೆಯಲ್ಲಿ ಇನ್ನೂ ಅಗಲ ಹಳಿಯ ಬ್ರಾಡ್ ಗೇಜ್ ಎಂಜಿನ್ ಮಾಡಿ ಈ ಹಳಿ ಮೇಲೆ ಕೂರಿಸಿದರೆ ಡೊಳ್ಳು ಹೊಟ್ಟೆಯವನಿಗೆ ಕಡ್ಡಿ ಕಾಲು ಇಟ್ಟಂತೆ ಕಾಣುತ್ತದೆ.

ಬಾಯ್ಲರಿಗೆ ಪಿವಿಸಿ ಪೈಪು. ಕ್ಯಾಬ್ (ಡ್ರೈವರ್ ನಿಲ್ಲುವ ಗೂಡು), ಟೆಂಡರ್ (ಕಲ್ಲಿದ್ದಲು, ನೀರಿನ ಬಂಡಿ), ಕೆಳಗಿನ ಫ್ರೇಮ್ ಎಲ್ಲ ಪಿಎಲ್‌ಎ. ಹಳಿ ಮೇಲೆ ಜಾರಬಾರದು ಅಂತ ಬಾಯ್ಲರೊಳಗೆ ಸೀಸದ ತುಂಡು ತುಂಬಿದ್ದೆ. ಮ್ಯಾಟ್ ಕಪ್ಪು ಹೊಡೆದು ಮಾಳಿಗೆ ಮೇಲೆ ಒಣಗಲು ಇಟ್ಟೆ. ಮೇ ತಿಂಗಳು. ಕೆಳಗಿನ ಬಣ್ಣವೂ ಒಣಗಲಿ ಅಂತ ಎರಡು ಇಟ್ಟಿಗೆ ಇಟ್ಟು, ಎರಡು ತುದಿ ಮಾತ್ರ ಅವುಗಳ ಮೇಲೆ ಕೂರಿಸಿದೆ. ಏನು ಜಾಣತನ! ಉಂಡು ಮಲಗಿದೆ. ನಾಲ್ಕಕ್ಕೆ ಹೋಗಿ ನೋಡಿದರೆ ಹಳೇ ಹೊರಸಿನ ಹಾಗೆ ನಡು ಜೋತುಬಿದ್ದಿತ್ತು.

ಮೊದಲು ಪ್ರಿಂಟ್ ಮಾಡಿಕೊಟ್ಟ ಹುಡುಗನನ್ನು ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಅವತ್ತು 43 ಇತ್ತು, ಇನ್ನೂ 17 ಡಿಗ್ರಿ ಉಳಿದಿದೆಯಲ್ಲ ಅಂತ ನನ್ನ ಲೆಕ್ಕ. ಆದರೆ 43 ಅನ್ನೋದು ನೆರಳಿನ ಮಾತು. ಬಿಸಿಲಿಗಿಟ್ಟ ಕಪ್ಪು ವಸ್ತು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಕೆಳಗೆ ಶಹಾಬಾದ್ ಫರಸಿ ಕಲ್ಲು, ಬರಿಗಾಲಲ್ಲಿ ನಿಂತು ನೋಡಿ ಗೊತ್ತಾಗುತ್ತದೆ. ಮೇಲಿಂದ ಸೂರ್ಯ, ಕೆಳಗಿಂದ ಕಲ್ಲು, ಒಳಗೆ ಸೀಸ, ನಡುವೆ ಆಸರೆ ಇಲ್ಲ. ಇನ್ನೊಂದು ಇಟ್ಟಿಗೆ ಇಟ್ಟಿದ್ದರೂ ಉಳಿಯುತ್ತಿತ್ತೇನೋ. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಲು ಹೋದೆ. ನಡು ಎದ್ದಿತು, ಮೈ ತಿರುಚಿಕೊಂಡಿತು. ಆರು ದೊಡ್ಡ ಚಕ್ರದಲ್ಲಿ ಒಂದು ಯಾವಾಗಲೂ ಗಾಳಿಯಲ್ಲೇ. ಐದು ತಿಂಗಳ ಕೆಲಸ.

ಹಾಗಾಗಿ ಫ್ರೇಮ್ ಲೋಹದ್ದೇ ಮಾಡಿ. ಕಿಟಕಿ ಮಾಡುವ ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿ ಸಿಗುತ್ತದೆ. ಕ್ಯಾಬ್ ಬೇಕಾದರೆ ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಸಿ, ಅದು 100ರ ಹತ್ತಿರದವರೆಗೂ ತಡೆಯುತ್ತದೆ. ಆದರೂ ಮಧ್ಯಾಹ್ನ ಹೊರಗಿಡಬೇಡಿ. ಬಣ್ಣ ನೆರಳಲ್ಲೂ ಒಣಗುತ್ತದೆ, ನಮ್ಮೂರ ಗಾಳಿ ಸಾಕು.

ಇನ್ನು ತುಕ್ಕು. ಖರೇ ಹೇಳಬೇಕೆಂದರೆ ಬೇಡವೇ ಬೇಡ. ದಿನಾ ಓಡುವ ಎಂಜಿನ್ ಮೈತುಂಬಾ ಯಾರೂ ತುಕ್ಕು ಹಿಡಿಯಲು ಬಿಡುತ್ತಿರಲಿಲ್ಲ. ಅದರ ಕೊಳೆಯೇ ಬೇರೆ: ಮೇಲೆ ಮಸಿ, ಚಕ್ರಕ್ಕೆ ಎಣ್ಣೆ ಜಿಡ್ಡು, ಆವಿ ಸೋರುವಲ್ಲಿ ಸುಣ್ಣದ ಬಿಳಿ ಗೆರೆ. ನಿಮ್ಮ ಬೋರ್‌ವೆಲ್ ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪದರ ಇದೆಯಲ್ಲ, ಅದೇ. ಬಿಳಿ ಅಕ್ರಿಲಿಕ್ಕಿಗೆ ಒಂದು ಹನಿ ಬೂದು ಸೇರಿಸಿ, ನೀರು ಮಾಡಿ, ಸೀಟಿ ಮತ್ತು ವಾಲ್ವ್ ಕೆಳಗೆ ಸಣ್ಣ ಬ್ರಶ್ಶಿಂದ ಕೆಳಮುಖವಾಗಿ ಎಳೆಯಿರಿ. ಧೂಳಿಗೆ ನಾನು ಫರಸಿ ಕೊಯ್ಯುವಲ್ಲಿಂದ ಪುಡಿ ತಂದು ಅವ್ವನ ಹಳೇ ಸೀರೆಯಲ್ಲಿ ಸೋಸಿದೆ. ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಪುಡಿ ಅರ್ಧ ಮಾಯವಾಗುತ್ತದೆ, ಮೊದಲೇ ಸ್ವಲ್ಪ ಜಾಸ್ತಿ ಹಾಕಿ.

ತುಕ್ಕಿನ ಬಣ್ಣ ಆಗಲೇ ಕೊಂಡಿದ್ದರೆ ಎಸೆಯಬೇಡಿ. ಬಗ್ಗಿದ ಆ ಮೊದಲ ವೈಪಿ ನನ್ನ ಹಳಿಯ ಪಕ್ಕ ಗುಜರಿ ಎಂಜಿನ್ ಆಗಿ ಬಿದ್ದಿದೆ. ಅದಕ್ಕೆ ಮಾತ್ರ ಎರಡು ಡಬ್ಬಿ ತುಕ್ಕು ಬಳಿದಿದ್ದೇನೆ.