ನನಗಿಂತ ಹಿರಿಯ ಶಿಕ್ಷಕರ ಪಾಠ ವೀಕ್ಷಣೆ ಹೇಗೆ ಮಾಡಲಿ?

ಕುಷ್ಟಗಿ ತಾಲೂಕಿನ ಶಾಲೆಗೆ ಹೊಸದಾಗಿ ಮುಖ್ಯ ಶಿಕ್ಷಕರಾಗಿ ಬಂದಿದ್ದೀರಿ. ಆರು ಜನ ಶಿಕ್ಷಕರಲ್ಲಿ ಇಬ್ಬರು ನಿಮಗಿಂತ ಹಿರಿಯರು, ಇಬ್ಬರು ಅತಿಥಿ ಶಿಕ್ಷಕರು. ಪಾಠ ನೋಡೋಕೆ ಬರ್ತೀನಿ ಅಂದ್ರೆ ಮುಖ ಗಂಟಿಕ್ಕುತ್ತಾರೆ, ಏನು ನೋಡಬೇಕು, ಏನು ಬರೀಬೇಕು ಅಂತ ಕೇಳಿದ್ದೀರಿ ಸರ್.

ಮೊದಲು ಬೀರುವಿನಲ್ಲಿರೋ ಹಳೇ ವೀಕ್ಷಣಾ ಪುಸ್ತಕ ತೆಗೆದು ಓದಿ. ಬಹುಪಾಲು ಹೀಗಿರುತ್ತೆ: "ಪಾಠ ಉತ್ತಮವಾಗಿದೆ. ಬೋಧನೋಪಕರಣ ಬಳಸುವುದು. ಹಿಂದುಳಿದ ಮಕ್ಕಳ ಕಡೆ ಗಮನ ಕೊಡುವುದು." ಯಾವ ಶಿಕ್ಷಕರ ಹೆಸರಿನ ಮುಂದೆ ಬರೆದರೂ ನಡೆಯೋ ಮಾತುಗಳಿವು. ಇಂಥದ್ದನ್ನ ವರ್ಷಗಟ್ಟಲೆ ಓದಿ ಸಹಿ ಹಾಕಿದವರು ಮುಖ ಗಂಟಿಕ್ಕಿದರೆ ತಪ್ಪೇನಿಲ್ಲ. ಅದಕ್ಕೇ ನಾನು ಹೇಳೋದು, ಶಿಕ್ಷಕರನ್ನ ನೋಡಬೇಡಿ, ಮಕ್ಕಳನ್ನ ನೋಡಿ. ಗುಣವಿಶೇಷಣ ಬರೀಬೇಡಿ, ಕಂಡದ್ದನ್ನ ಬರೀರಿ.

ಹಿರಿಯರಿಂದಲೇ ಶುರು ಮಾಡಬೇಡಿ. ಮೊದಲ ವಾರ ನಿಮ್ಮ ಪಾಠವನ್ನೇ ಅವರಿಗೆ ತೋರಿಸಿ. "ಸರ್, ಆರನೇ ತರಗತಿಗೆ ಭಿನ್ನರಾಶಿ ತಗೋತೀನ್ರಿ, ಹಿಂದಿನ ಸಾಲಿನ ಹುಡುಗ್ರು ಏನ್ ಮಾಡ್ತಾರ ನೋಡ್ರಿ" ಅಂತ ಹಾಳೆ ಅವರ ಕೈಗೆ ಕೊಡಿ. ಆ ಹಾಳೆಯಲ್ಲಿ ಏನು ಬರೀತಾರೆ ಅನ್ನೋದು ಅವರಿಗೇ ಗೊತ್ತಾದ ಮೇಲೆ ಅರ್ಧ ಭಯ ಹೋಗುತ್ತೆ.

ಹಾಳೆ ಅಂದ್ರೆ ಎ4 ಹಾಳೆ, ಮೂರು ಕಾಲಂ. ಎಡಕ್ಕೆ ಸಮಯ, ಐದೈದು ನಿಮಿಷಕ್ಕೊಂದು ಸಾಲು. ನಡುವೆ ಶಿಕ್ಷಕರು ಹೇಳಿದ್ದು, ಮಾಡಿದ್ದು. ಬಲಕ್ಕೆ ಮಕ್ಕಳು ಮಾಡಿದ್ದು. ಪ್ರತಿ ಐದು ನಿಮಿಷಕ್ಕೆ ತಲೆ ಎತ್ತಿ ಎಣಿಸಿ: ತರಗತಿಯಲ್ಲಿ 32 ಮಕ್ಕಳಿದ್ದರೆ ಅದರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ? ಹಾಳೆಯ ಹಿಂದೆ ಮಕ್ಕಳು ಕೂತ ಜಾಗದ ನಕ್ಷೆ ಗೀಚಿ, ಯಾರಿಗೆ ಪ್ರಶ್ನೆ ಹೋಯಿತೋ ಅಲ್ಲೊಂದು ಗೀಟು ಹಾಕಿ. ಗೀಟುಗಳೆಲ್ಲ ಮುಂದಿನ ಎರಡು ಸಾಲಿನಲ್ಲಿ, ಅದರಲ್ಲೂ ನಾಲ್ಕೈದು ಹೆಸರುಗಳ ಮೇಲೇ ಗುಂಪಾಗಿ ಬಿದ್ದಿದ್ದರೆ ನೀವು ಬಾಯಿ ಬಿಟ್ಟು ಹೇಳೋದು ಏನೂ ಉಳಿಯೋದಿಲ್ಲ. ಬಿ.ಇಡಿ.ಯಲ್ಲಿ ಓದಿದ ಫ್ಲ್ಯಾಂಡರ್ಸ್ ವಿಧಾನ, ಅಂದ್ರೆ ತರಗತಿಯ ಮಾತುಕತೆಯನ್ನ 10 ವರ್ಗ ಮಾಡಿ 3 ಸೆಕೆಂಡಿಗೊಂದು ಅಂಕಿ ಬರೆಯೋದು, ಅದೆಲ್ಲ ಸಂಶೋಧನೆ ಮಾಡೋರಿಗೆ ಇರಲಿ.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತಾರೆ ಅನ್ನೋದನ್ನೂ ಗಮನಿಸಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ: ಸಾಮಾನ್ಯವಾಗಿ ಶಿಕ್ಷಕರು ಕಾಯೋದು ಸುಮಾರು 1 ಸೆಕೆಂಡ್, ಅದನ್ನ 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದ ಆಗುತ್ತೆ, ಸುಮ್ಮನೆ ಕೂತಿರೋ ಮಕ್ಕಳೂ ಬಾಯಿ ಬಿಡ್ತಾರೆ. ಒಂದು ಪೈಸೆ ಖರ್ಚಿಲ್ಲದ ಬದಲಾವಣೆ ಇದು.

ನಮ್ಮ ಕಡೆ ಎಲ್ಲರೂ ಮೋಸ ಹೋಗೋ ಜಾಗ ಇನ್ನೊಂದಿದೆ. "ಅರ್ಥ ಆತೇನ್ರೋ?" "ಆತ್ರೀ ಸರ್!" ಇಡೀ ಕೋಣೆ ಒಂದೇ ಕಂಠದಲ್ಲಿ ಕೂಗಿದ್ದನ್ನ ಕಲಿಕೆ ಅಂತ ಬರೀಬೇಡಿ. ಕೊನೆಯ ಎಂಟು ನಿಮಿಷ ಎದ್ದು ಹಿಂದಿನ ಸಾಲಿನ ಮೂರು ಮಕ್ಕಳ ನೋಟ್ಸ್ ನೋಡಿ. ಐದನೇ ತರಗತಿಯಲ್ಲಿ ದಶಕ ಪಡೆದು ಕಳೆಯೋ ಲೆಕ್ಕ ನಡೀತಿದೆ ಅನ್ಕೊಳ್ಳಿ. ಬೋರ್ಡಿನ ಲೆಕ್ಕ ಎಲ್ಲರ ಪುಸ್ತಕದಲ್ಲೂ ಸರಿಯಾಗೇ ಇರುತ್ತೆ, ನಕಲು ಅದು. ಬೋರ್ಡಿನಲ್ಲಿಲ್ಲದ ಒಂದು ಲೆಕ್ಕ ಕೊಡಿ, 402ರಲ್ಲಿ 178 ಕಳೆಯೋದು. ಉತ್ತರ 224. ಒಬ್ಬ 376 ಬರೀತಾನೆ: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನ ಕಳೆದಿದ್ದಾನೆ, ಅವನಿಗೆ ದಶಕ ಪಡೆಯೋದೇ ಬಂದಿಲ್ಲ. ಇನ್ನೊಬ್ಬಳು 324 ಬರೀತಾಳೆ: ಸೊನ್ನೆಯನ್ನ 9 ಮಾಡಿದ್ದಾಳೆ, ನೂರರ ಸ್ಥಾನದ 4ನ್ನ 3 ಮಾಡೋದು ಬಿಟ್ಟಿದ್ದಾಳೆ. ಎರಡೂ ತಪ್ಪೇ, ಆದರೆ ಔಷಧ ಬೇರೆ ಬೇರೆ. ಮೊದಲನೆಯವನಿಗೆ ಎರಡಂಕಿಯ ಲೆಕ್ಕದಿಂದ ಮತ್ತೆ ಶುರು ಆಗಬೇಕು. ಎರಡನೆಯವಳಿಗೆ ನಾಲ್ಕು ನೂರು ಮತ್ತು ಎರಡು ಬಿಡಿ ಇಟ್ಟು, ಒಂದು ನೂರನ್ನ ಹತ್ತು ಹತ್ತುಗಳಾಗಿ, ಒಂದು ಹತ್ತನ್ನ ಹತ್ತು ಬಿಡಿಗಳಾಗಿ ಒಡೆದು, 3 ನೂರು, 9 ಹತ್ತು, 12 ಬಿಡಿ ಕೈಯಲ್ಲಿ ಹಿಡಿಸಿದರೆ ಸಾಕು. ಗಣಿತ ಕಲಿಕಾ ಆಂದೋಲನದ ಕಿಟ್ (ಲೆಕ್ಕ ಕಲಿಸೋ ಸಾಮಗ್ರಿಗಳ ಪೆಟ್ಟಿಗೆ) ನಿಮ್ಮ ಬೀರುವಿನಲ್ಲಿ ಸೀಲ್ ಒಡೆಯದೇ ಕೂತಿದ್ದರೆ ಹೊರಗೆ ತೆಗೆಸಿ. "ಹಿಂದುಳಿದ ಮಕ್ಕಳ ಕಡೆ ಗಮನ ಕೊಡುವುದು" ಅನ್ನೋದಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ.

ಪಾಠ ಮುಗಿದ ದಿನವೇ ಮಾತಾಡಿ. ಆಫೀಸಿನ ಟೇಬಲ್ ಆಚೆ-ಈಚೆ ಕೂತು ಬೇಡ, ಖಾಲಿಯಾದ ಅದೇ ತರಗತಿಯಲ್ಲಿ, ಹದಿನೈದು ನಿಮಿಷ. ಮೊದಲ ಮಾತು ಅವರದಾಗಲಿ: "ಯಾವ ಮಕ್ಕಳಿಗೆ ಹತ್ತಲಿಲ್ಲ ಅನ್ನಿಸ್ತ್ರಿ?" ಆಮೇಲೆ ಹಾಳೆ, ಮೂರು ನೋಟ್ಸ್ ಮುಂದಿಡಿ. ಕೊನೆಗೆ ಒಂದೇ ಒಂದು ಬದಲಾವಣೆ ಒಪ್ಪಿಕೊಳ್ಳಿ. ಐದು ಸಲಹೆ ಕೊಟ್ಟರೆ ಐದೂ ಗಾಳಿಗೆ ಹೋಗ್ತವೆ. ಅವರು ಮಾಡೋದು ಒಂದು, ನೀವು ಮಾಡಿಕೊಡೋದು ಒಂದು ಅಂತ ಬರೆದು ಇಬ್ಬರೂ ಸಹಿ ಹಾಕಿ. ನೀವು ಮಾಡಿಕೊಡೋದು ಅಂದ್ರೆ ಪಿರಿಯಡ್ ಬದಲಿಸಿಕೊಡೋದು, ಒಂದು ಮಾದರಿ ಪಾಠ, ಪಕ್ಕದ ಸಹೋದ್ಯೋಗಿಯ ಪಾಠ ನೋಡೋಕೆ ಅವಕಾಶ, ಆ ಹೊತ್ತಿಗೆ ಅವರ ಕ್ಲಾಸಿಗೆ ನೀವೇ ಹೋಗಿ ನಿಲ್ಲೋದು. ಹತ್ತು ದಿನದೊಳಗೆ ಮತ್ತೆ ಹೋಗಿ, ಕಾಲು ಗಂಟೆ ಸಾಕು, ಆ ಒಂದನ್ನ ಮಾತ್ರ ನೋಡಿ. ಹೆಚ್ಚಿನ ಶಾಲೆಗಳಲ್ಲಿ ತಪ್ಪಿಹೋಗೋದು ಈ ಎರಡನೇ ಭೇಟಿಯೇ.

ಚಿಕ್ಕ ತರಗತಿಯ ಮಕ್ಕಳು ಗುಂಪುಗಳಲ್ಲಿ ಚಟುವಟಿಕೆ ಮಾಡಿ ಕಲಿಯೋ ನಲಿ-ಕಲಿ ಕೋಣೆಗೆ ಈ ಹಾಳೆ ಹೊಂದೋದಿಲ್ಲ. ಅಲ್ಲಿ ಮಗುವಿಗೆ ಎಷ್ಟು ಸಹಾಯ ಬೇಕು ಅನ್ನೋದರ ಮೇಲೆ ಮಾಡಿದ ಐದು ತಟ್ಟೆ ಗುಂಪುಗಳನ್ನ ನೋಡಬೇಕು. ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದ ಗುಂಪಿನಲ್ಲಿ ಅವರು ನಿಜಕ್ಕೂ ಕೂತಿದ್ದಾರಾ, ಅಥವಾ ಇಡೀ ಕೋಣೆ ಸುತ್ತುತ್ತಾ ಆ ಮಕ್ಕಳನ್ನ ಕಾಯಿಸ್ತಿದ್ದಾರಾ? ಸ್ವಕಲಿಕೆ ಗುಂಪಿನ ಮಗು ಮುಗಿಸಿದ ಮೇಲೆ ಕಲಿಕಾ ಏಣಿಯಲ್ಲಿ (ಚಟುವಟಿಕೆಗಳ ಕ್ರಮ ತೋರಿಸೋ ಪಟ) ಮುಂದಿನ ಮೆಟ್ಟಿಲನ್ನ ತಾನೇ ಗುರುತಿಸುತ್ತಾ? ಪ್ರಗತಿ ನೋಟ (ಪ್ರತಿ ಮಗು ಎಲ್ಲಿಗೆ ಬಂದಿದೆ ಅಂತ ಗುರುತು ಹಾಕೋ ಪಟ್ಟಿ) ಒಂದೇ ಪೆನ್ನಿನಲ್ಲಿ, ಒಂದೇ ದಿನ ತುಂಬಿದ ಹಾಗಿದ್ದರೆ ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಎಫ್‌ಎ, ಎಸ್‌ಎ (ವರ್ಷದ ನಡುವಿನ ರೂಪಣಾತ್ಮಕ, ಅವಧಿ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಅಂಕದಿಂದ ಶಿಕ್ಷಕರನ್ನ ಅಳೆಯೋ ಮೊದಲು ಹಾಜರಿ ಪುಸ್ತಕ ಪಕ್ಕಕ್ಕಿಟ್ಟುಕೊಳ್ಳಿ. ಹತ್ತಿ ಬಿಡಿಸೋ ಕಾಲದಲ್ಲಿ ಬಾರದ ಮಕ್ಕಳು, ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದ ಮಕ್ಕಳು, ಇವರ ಅಂಕ ಬೇರೆ, ದಿನಾ ಬಂದವರ ಅಂಕ ಬೇರೆ ಬರೆದು ನೋಡಿ. ದಿನಾ ಬಂದವರೂ ಹಿಂದೆ ಬಿದ್ದಿದ್ದರೆ ಪಾಠದ ಕಡೆ ನೋಡಬೇಕು. ಇಲ್ಲದಿದ್ದರೆ ಅದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಒಯ್ಯಬೇಕಾದ ವಿಷಯ. ತಾಂಡಾದಿಂದ ಬರೋ ಮಕ್ಕಳ ಮನೆಮಾತು ಲಂಬಾಣಿ, ಸಿಂಧನೂರು, ಸಿರುಗುಪ್ಪ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು. ಒಂದನೇ ತರಗತಿಯಲ್ಲಿ ಮಗು ಮಾತಾಡದೇ ಕೂತರೆ ಪಾಠ ಬರದೇ ಅಲ್ಲ, ಕನ್ನಡ ಬರದೇ ಇರಬಹುದು.

ಅತಿಥಿ ಶಿಕ್ಷಕರನ್ನ ಮಾತ್ರ ಕಾಯಿಸಬೇಡಿ. ಅವರಿಗೆ ತರಬೇತಿ ಸಿಗೋದು ಕಡಿಮೆ, ಬಂದ ವಾರವೇ ಎರಡು ಸಲ ಹೋಗಿ, ಪಾಠ ಯೋಜನೆ ಜೊತೆ ಕೂತು ಬರೀರಿ.

ಬಿಸಿಯೂಟ, ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬೋ ಆನ್‌ಲೈನ್ ವ್ಯವಸ್ಥೆ), ಸಭೆ ಎಲ್ಲ ಮುಗಿಸಿ ನಿಮ್ಮ ಪಿರಿಯಡ್ಡೂ ತಗೋಬೇಕು, ಗೊತ್ತು. ವಾರಕ್ಕೊಂದು ಪೂರ್ತಿ ಪಿರಿಯಡ್, ಒಂದು ಕಾಲುಗಂಟೆ ಭೇಟಿ, ಇಷ್ಟೇ ಇಟ್ಟುಕೊಳ್ಳಿ. ಆರು ವಾರಕ್ಕೆ ಒಂದು ಸುತ್ತು ಮುಗಿಯುತ್ತೆ. ಎಲ್ಲ ಭೇಟಿಯೂ ಬೆಳಗಿನ ಮೊದಲ ಪಿರಿಯಡ್ಡಿಗೇ ಬೇಡ, ಊಟದ ನಂತರದ ಪಾಠವೇ ನಿಜ ಹೇಳೋದು. ಮೊದಲ ಸುತ್ತು ತಿಳಿಸಿಯೇ ಹೋಗಿ.

ಇನ್ನೊಂದು ಮಾತು. ತಡವಾಗಿ ಬರೋದು, ಹೇಳದೇ ರಜೆ, ಇವುಗಳಿಗೆ ಬೇರೆ ಕಡತ ಇಡಿ. ವೀಕ್ಷಣೆ ಹಾಳೆಯನ್ನ ಒಂದೇ ಒಂದು ಸಲ ನೋಟಿಸಿಗೆ ಆಧಾರ ಮಾಡಿದಿರೋ, ಮುಂದಿನ ಸಲ ನಿಮಗೆ ಸಿಗೋದು ರಿಹರ್ಸಲ್ ಮಾಡಿಟ್ಟ ಪಾಠ. ಮೂರು ಸುತ್ತಾದರೂ ಏನೂ ಬದಲಾಗದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನ ಕರೆದು ಅದೇ ತರಗತಿಯಲ್ಲಿ ಇಬ್ಬರೂ ಬೇರೆ ಬೇರೆ ಹಾಳೆ ತುಂಬಿ ತಾಳೆ ನೋಡಿ. ಇಬ್ಬರಿಗೂ ಕಂಡದ್ದನ್ನ ಮಾತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೀರಿ, ಮೊದಲು ಆ ಶಿಕ್ಷಕರಿಗೆ ಓದೋಕೆ ಕೊಟ್ಟು.